ದಿಡ್ಡಿ ಬಾಗಿಲ ವಾಲಿ

ನನ್ನ ಹಣೆಯಲ್ಲಿ, ಬೊಟ್ಟಿಗಿಂತ ತುಸು ಮೇಲೆ, ಒಂದು ಸಣ್ಣ ಗಂಟಿದೆ. ಊರಿಗೆ ಹೋದಾಗ ನೆಂಟರು ಎಲ್ಲಿ ಬಿದ್ದಿರಿ ಎಂದು ಕೇಳುತ್ತಾರೆ. ಬೀಳಲಿಲ್ಲ, ತಲೆ ಬಗ್ಗಿಸಲಿಲ್ಲ ಅಷ್ಟೆ ಎಂದರೆ ಅವರಿಗೆ ಅದರಲ್ಲಿ ಏನೋ ವೇದಾಂತ ಕಾಣುತ್ತದೆ. ವೇದಾಂತ ಏನೂ ಇಲ್ಲ. ನಾನು ವಾಸವಾಗಿರುವ ಮನೆಯ ಬಾಗಿಲು ನನ್ನ ಎದೆಯ ಎತ್ತರಕ್ಕಿದೆ, ಎಷ್ಟು ಬಗ್ಗಬೇಕೆಂದು ನಾನು ಮರೆಯುತ್ತೇನೆ.

ಮನೆ ಎಂದೆ. ಸರಿಯಾಗಿ ಹೇಳುವುದಾದರೆ ನಾವಿರುವುದೇ ಒಂದು ಬಾಗಿಲಿನಲ್ಲಿ. ಒಮಾನಿನ ಬರ್ಕಾ ಪೇಟೆಯಿಂದ ಸ್ವಲ್ಪ ಹೊರಗೆ ಹಳೆಯ ಖರ್ಜೂರದ ತೋಟ, ತೋಟದ ಸುತ್ತ ಮಣ್ಣಿನ ಎತ್ತರದ ಗೋಡೆ, ಆ ಗೋಡೆಯಲ್ಲಿ ಕಡಲಿನ ಕಡೆಗೆ ಮುಖ ಮಾಡಿದ ಒಂದು ಹೆಬ್ಬಾಗಿಲು. ಆ ಹೆಬ್ಬಾಗಿಲಿನ ನೆತ್ತಿಯ ಮೇಲೆ ಎರಡು ಕೋಣೆ, ಕೆಳಗೆ ಪಕ್ಕದಲ್ಲಿ ಅಡುಗೆಗೆ ಒಂದು. ಅಲ್ಲಿ ನಾನೂ ನನ್ನ ಗಂಡನೂ ಇದ್ದೇವೆ.

ಇದಕ್ಕೆ ಮೊದಲು ನಾನು ಉಡುಪಿ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಿವೃತ್ತಿಯ ತನಕ ವಾರ್ಡನ್ ಆಗಿದ್ದೆ. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಓದುವುದಕ್ಕೆ ಗಂಟೆ, ಆರು ಹೊಡೆದರೆ ಗೇಟು ಬಂದ್. ನನ್ನ ಗಂಡ ಅಷ್ಟೂ ವರ್ಷ ಒಮಾನಿನಲ್ಲಿ, ಅಲ್ ಗುಬ್ರಾದ ಒಂದು ಫ್ಲ್ಯಾಟಿನಲ್ಲಿ ಊರಿನ ನಾಲ್ಕು ಜನರ ಜೊತೆ ಇದ್ದರು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ನನ್ನ ಗಂಟೆಗೆ ಎದ್ದು ನನ್ನ ಗಂಟೆಗೆ ಮಲಗಿ, ವಿಶ್ರಾಂತಿ ಬೇಕೆಂದು ಕೆಲಸಕ್ಕೆ ಮರಳುತ್ತಿದ್ದರು. ಅವರಿಗೆ ವಯಸ್ಸಾದ ಮೇಲೆ ಅವರ ಅರ್ಬಾಬ್, ಅಂದರೆ ಧಣಿ, ಆಫೀಸಿನಿಂದ ಬಿಡಿಸಿ ಈ ತೋಟ ನೋಡಿಕೊಳ್ಳಲು ಹಾಕಿದರು. ಇರಲು ಹೆಬ್ಬಾಗಿಲ ಕೋಣೆಗಳನ್ನು ಕೊಟ್ಟರು. ಆಗ ನಾನೂ ನಿವೃತ್ತಳಾಗಿದ್ದೆ. ಜೀವಮಾನವಿಡೀ ಗೇಟು ಕಾದವಳಿಗೆ ಮುದಿ ವಯಸ್ಸಿನಲ್ಲಿ ದೇವರು ಗೇಟಿನೊಳಗೇ ಮನೆ ಮಾಡಿಕೊಟ್ಟ. ನನಗೆ ಇದರಲ್ಲಿ ಹೆಮ್ಮೆಯೇ ಆಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಹೆಮ್ಮೆ ಇಳಿದದ್ದು ಫ್ರಿಜ್ ಬಂದ ದಿನ.

ಹೆಬ್ಬಾಗಿಲಿಗೆ ಎರಡು ದೊಡ್ಡ ಕದಗಳು. ಕಪ್ಪಗಾದ ಮರ, ಅಂಗೈಯಗಲದ ಕಬ್ಬಿಣದ ಮೊಳೆಗಳು. ಒಂದು ಕದದ ಹೊಟ್ಟೆಯಲ್ಲಿ ಒಂದು ದಿಡ್ಡಿ ಬಾಗಿಲು. ದಿನನಿತ್ಯ ಓಡಾಡುವುದು ಅದರಲ್ಲೇ. ಕೆಳಗಿನ ಹಲಗೆ ಮೊಣಕಾಲಿನ ತನಕ ಬರುತ್ತದೆ, ಮೇಲಿನ ಚೌಕಟ್ಟು ಎದೆಯ ಮಟ್ಟದಲ್ಲೇ ಮುಗಿಯುತ್ತದೆ. ಒಳಬರಬೇಕಾದರೆ ಕಾಲನ್ನು ಎತ್ತಬೇಕು, ತಲೆಯನ್ನು ಇಳಿಸಬೇಕು, ಎರಡನ್ನೂ ಒಟ್ಟಿಗೆ ಮಾಡಬೇಕು. ಫ್ರಿಜ್ಜಿಗೆ ಎರಡೂ ಬರಲಿಲ್ಲ. ನಾನು ಅಂಗಡಿಯ ಹುಡುಗರಿಗೆ ದೊಡ್ಡ ಕದ ತೆಗೆಯಲು ಹೇಳಿದೆ. ಯಾರೂ ಕದಲಲಿಲ್ಲ. ಎಲ್ಲರೂ ಒಳಗೆ ಕೂತಿದ್ದ ಒಬ್ಬ ಮುದುಕರನ್ನು ನೋಡಿದರು.

ಅವರು ಅರ್ಬಾಬರ ತಂದೆ. ಬೆಳ್ಳಗಿನ ಗಡ್ಡ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಕೈಯಲ್ಲಿ ತೆಳ್ಳಗಿನ ಬೆತ್ತ. ಪೇಟೆಯಲ್ಲಿ ಮಗನ ಮನೆಯಲ್ಲಿದ್ದರೂ ಸಂಜೆಯಾದರೆ ಈ ಹೆಬ್ಬಾಗಿಲಿಗೆ ಬಂದು ಒಳಗಿನ ಓಣಿಯ ಜಗಲಿಯ ಮೇಲೆ ಕೂರುವುದು ಅವರ ರೂಢಿ. ಹಿಂದಿ ಬಲ್ಲರು, ಪ್ರಾಯದಲ್ಲಿ ಬೊಂಬಾಯಿ ಬಂದರಿನಲ್ಲಿ ವ್ಯಾಪಾರಕ್ಕೆ ಓಡಾಡಿದವರು. ನನ್ನದು ಪರೀಕ್ಷೆಗೆ ಓದಿದ ಹಿಂದಿ, ವ್ಯಾಕರಣ ಪಕ್ಕಾ, ಯಾರಿಗೂ ಅರ್ಥವಾಗುವುದಿಲ್ಲ.

"ಆ ಕದ ಮೂರಕ್ಕೇ ತೆರೆಯುವುದು" ಎಂದರು ಅವರು ನಿಧಾನವಾಗಿ. "ಮನೆಗೆ ಬರುವ ಮದುಮಗಳಿಗೆ. ಮನೆಯಿಂದ ಹೋಗುವ ಹೆಣಕ್ಕೆ. ಒಳನಾಡಿನ ತೋಟಗಳಿಂದ ಬರುವ ಖರ್ಜೂರದ ಹೊರೆಗೆ. ನಿನ್ನ ಫ್ರಿಜ್ ಇವುಗಳಲ್ಲಿ ಯಾವುದು?"

ನಾನು ಶುದ್ಧ ಹಿಂದಿಯಲ್ಲಿ, ಮೇಲ್ಕಂಡ ಯಾವುದೂ ಅಲ್ಲ ಎಂದೆ. ಫ್ರಿಜ್ ಹಿಂದಿನ ಗೇಟಿನಿಂದ ಬಂತು. ಹಿಂದಿನದು ಮಗ ಈಚೆಗೆ ಗೋಡೆ ಒಡೆದು ಮಾಡಿಸಿದ ತಗಡಿನ ಗೇಟು, ಗೊಬ್ಬರದ ಲಾರಿ ಬರುವ ದಾರಿ. ಅಡುಗೆ ಕೋಣೆಗೆ ಬಂದು ಮುಟ್ಟುವಾಗ ಫ್ರಿಜ್ಜಿಗೂ ನನಗೂ ಒಂದೇ ವಾಸನೆ.

ಆಮೇಲೆ ನಾನು ಕಟ್ಟಡವನ್ನು ಶಿಸ್ತಿಗೆ ತರಲು ಹೊರಟೆ. ಕಟ್ಟಡ ಬರಲಿಲ್ಲ. ಮೆಟ್ಟಿಲುಗಳಲ್ಲಿ ಒಂದರಂತೆ ಒಂದಿಲ್ಲ. ಗೋಡೆ ಕೆಳಗೆ ದಪ್ಪ, ಮೇಲೆ ತೆಳು, ಮೂಲೆಗಳು ಮೂಲೆಗಳ ಹಾಗಿಲ್ಲ. ಮಂಚವನ್ನು ಗೋಡೆಗೆ ತಾಗಿಸಿದರೆ ತಲೆಯ ಕಡೆ ತಾಗುತ್ತದೆ, ಕಾಲಿನ ಕಡೆ ಒಂದು ಬೆಕ್ಕು ಮಲಗುವಷ್ಟು ಜಾಗ ಉಳಿಯುತ್ತದೆ. ಕಿಟಕಿಗಳು ನೆಲಕ್ಕೇ ಅಂಟಿಕೊಂಡಿವೆ. ಇದನ್ನು ಕಟ್ಟಿದವನಿಗೆ ಅಳತೆ ಗೊತ್ತಿರಲಿಲ್ಲ ಎಂದು ನಾನು ಗಂಡನಿಗೆ ಹೇಳಿದೆ. ನೆಲದಲ್ಲಿ ಚಾಪೆ ಹಾಸಿ ಕೂತ ದಿನ ಕಡಲಗಾಳಿ ನೇರ ಮುಖಕ್ಕೆ ಬಂತು. ಕಟ್ಟಿದವನು ಕುರ್ಚಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ. ಆದರೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ವಾರ್ಡನ್‌ಗಳಿಗೆ ಇರುವುದಿಲ್ಲ. ಗಂಡ ಕೇಳಲೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಕಟ್ಟಿದವನನ್ನು ಮೆಚ್ಚಿದೆ. ಮೇಲಿನ ಕೋಣೆಯ ನೆಲದಲ್ಲಿ, ಸರಿಯಾಗಿ ಬಾಗಿಲಿನ ನೇರಕ್ಕೆ, ಅವನು ನೀರು ಹೋಗಲು ಒಂದು ಉದ್ದನೆಯ ಕಂಡಿ ಬಿಟ್ಟಿದ್ದ. ನಮ್ಮ ಕಡೆ ನೆಲ ತೊಳೆಯುವುದೆಂದರೆ ಬಟ್ಟೆಯಲ್ಲಿ ಒರೆಸಿ ಮುಗಿಸುವುದಲ್ಲ, ಬಾಲ್ದಿಯಲ್ಲಿ ನೀರು ಹೊಯ್ದು ಹಿಡಿಸೂಡಿಯಿಂದ ಬಳಿದು ತೂತಿಗೆ ದೂಡುವುದು. ನೆಲಕ್ಕೆ ಗಟ್ಟಿ ಗಾರೆ ಇತ್ತು. ನಾನು ಸೀರೆ ಎತ್ತಿ ಕಟ್ಟಿ, ಬಾಲ್ದಿಗೆ ಫಿನಾಯಿಲು ಸುರಿದು, ಬಳಬಳನೆ ಬಳಿದು ಕಂಡಿಗೆ ಬಿಟ್ಟೆ.

ಕೆಳಗಿನಿಂದ ಒಂದು ಧ್ವನಿ ಬಂತು. ಅದು ಅರಬ್ಬಿಯೂ ಅಲ್ಲ, ಹಿಂದಿಯೂ ಅಲ್ಲ.

ಮುದುಕರು ಆಗ ದಿಡ್ಡಿ ಬಾಗಿಲು ದಾಟುತ್ತಿದ್ದರು. ಕಾಲು ಎತ್ತಿದ್ದರು, ತಲೆ ಇಳಿಸಿದ್ದರು, ಕತ್ತಿನ ಹಿಂಭಾಗ ಮೇಲಕ್ಕೆ ಬಂದಿತ್ತು. ನೀರು ಸರಿಯಾಗಿ ಅಲ್ಲಿಗೇ ಬಿತ್ತು. ಕಂಡಿ ಇದ್ದದ್ದೇ ಅದಕ್ಕೆ ಎಂದು ನಾನು ಕೆಳಗೆ ಓಡಿ ಬಂದ ಮೇಲೆ ಅವರೇ ವಿವರಿಸಿದರು, ಗಡ್ಡ ಹಿಂಡುತ್ತ. ಹಿಂದೆ ದಂಡು ಬಂದಾಗ ಮೇಲಿನಿಂದ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರಂತೆ. ದಿಡ್ಡಿ ಬಾಗಿಲು ಅಷ್ಟು ಗಿಡ್ಡ ಇದ್ದದ್ದು ಶತ್ರು ತಾನಾಗಿ ಕತ್ತು ಒಡ್ಡಲಿ ಎಂದು.

"ನನ್ನ ಅಜ್ಜನ ಕಾಲದ ನಂತರ ಇದನ್ನು ಯಾರೂ ಬಳಸಿರಲಿಲ್ಲ" ಎಂದರು. ಆಮೇಲೆ ನನ್ನನ್ನು, ನನ್ನ ಕೈಯ ಹಿಡಿಸೂಡಿಯನ್ನು ನೋಡಿ ಜೋರಾಗಿ ನಕ್ಕರು. "ಈ ಬಾಗಿಲಿಗೆ ಈಗ ಸರಿಯಾದ ವಾಲಿ ಬಂದಳು!"

ನಾನು ಉರಿಯುತ್ತ ಮೇಲೆ ಹೋದೆ.

"ನಿಮ್ಮ ಅರ್ಬಾಬನ ಅಪ್ಪ ನನ್ನನ್ನು ಮಂಗ ಅಂತ ಕರೆದ್ರು."

"ಎಂತ ಅಂದ್ರು? ಸರಿ ಹೇಳು ಮಾರಾಯ್ತಿ."

"ವಾಲಿ ಅಂದ್ರು. ನೀರು ಹಾಕಿದ್ದು ನನ್ನದೇ ತಪ್ಪು, ಒಪ್ತೇನೆ. ಹಾಗಂತ ವಾಲಿ ಅನ್ಲಿಕ್ಕುಂಟಾ? ಅವರಿಗೆ ಆಟ ತೋರಿಸಿದ್ದು ಯಾರು? ನೀವೇ ಇರ್ಬೇಕು."

ಆಟವೆಂದರೆ ಯಕ್ಷಗಾನ. ನನ್ನ ಕಣ್ಣೆದುರು ಇದ್ದದ್ದು ಬೊಬ್ಬೆ ಹೊಡೆಯುತ್ತ ರಂಗಸ್ಥಳಕ್ಕೆ ನುಗ್ಗುವ, ಕೆಂಪು ಮುಖದ, ಸುಗ್ರೀವನನ್ನು ಹಿಡಿದು ಚಚ್ಚುವ ವಾಲಿ. ನನ್ನ ಗಂಡ ಗೋಡೆ ಹಿಡಿದುಕೊಂಡು ನಕ್ಕರು. ಆ ಗೋಡೆಯಿಂದ ಮಣ್ಣು ಉದುರಿತು, ನಾನು ಆಗಷ್ಟೇ ತೊಳೆದ ನೆಲಕ್ಕೆ.

"ವಾಲಿ ಅಂದ್ರೆ ಇಲ್ಲಿ ನಮ್ಮ ಡಿಸಿ ಇದ್ದ ಹಾಗೆ. ಹಿಂದೆ ಕೋಟೆಯಲ್ಲಿ ಕೂತು ಊರು ಆಳ್ತಿದ್ದದ್ದು ಅವನೇ. ನಿನಗೆ ಪ್ರಮೋಷನ್ ಸಿಕ್ಕಿದ್ದು."

"ಹೌದಾ? ಮತ್ತೆ ನಗ್ತಾ ಯಾಕೆ ಹೇಳಿದ್ರು?"

"ನಿನ್ನ ಕೈಯಲ್ಲಿ ಹಿಡಿಸೂಡಿ ಇತ್ತಲ್ಲ."

ಆ ದಿನದಿಂದ ನಾನು ಅವರಿಗೆ ವಾಲಿ, ಅವರು ನನಗೆ ಬಾಬಾ. ಸಂಜೆ ಅವರು ಒಂದು ಜಗಲಿಯಲ್ಲಿ, ನಾನು ಎದುರಿನದರಲ್ಲಿ. ಹೊರಗೆ ಬಿಸಿಲು ಎಷ್ಟೇ ಇರಲಿ, ಆ ಓಣಿಯಲ್ಲಿ ಒಂದು ತಂಪು ಗಾಳಿ ಹರಿಯುತ್ತದೆ. ಬಾಗಿಲು ದಾಟಿ ಜಗಲಿಗಳನ್ನು ಕಳೆದ ಮೇಲೆ ಓಣಿ ಬಲಕ್ಕೆ ತಿರುಗುತ್ತದೆ, ಹೊರಗಿನವರ ಕಣ್ಣಿಗೆ ತೋಟ ನೇರವಾಗಿ ಬೀಳಬಾರದೆಂದು. ಆ ತಿರುವಿನಲ್ಲಿ ಗಾಳಿಯೂ ಒಮ್ಮೆ ನಿಂತು ಹೊರಳುತ್ತದೆ. ಅವರು ಕಹ್ವಾ, ಅಂದರೆ ಅರಬ್ಬಿ ಕಾಫಿ, ತರುತ್ತಿದ್ದರು, ನಾನು ಚಾ. ಅವರ ಕಹ್ವಾ ನನಗೆ ಕಷಾಯ, ನನ್ನ ಚಾ ಅವರಿಗೆ ಪಾಯಸ. ಆರಕ್ಕೆ ನಾನು ಎದ್ದು ಬೀಗದ ಕೈ ಗಲಗಲ ಮಾಡುತ್ತಿದ್ದೆ. ತೋಟದ ಯಜಮಾನ ತಮ್ಮ ಸ್ವಂತ ಬಾಗಿಲಿನಿಂದ ಹಾಸ್ಟೆಲಿನ ಹುಡುಗಿಯ ಹಾಗೆ ತಲೆ ಬಗ್ಗಿಸಿ ಹೊರಗೆ ಹೋಗುತ್ತಿದ್ದರು. ಒಮ್ಮೆ ಇನ್ನೂ ಸ್ವಲ್ಪ ಕೂರಲೇ ಎಂದು ಕೇಳಿದರು. ಇವತ್ತು ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದೆ. ಎಲ್ಲರೂ ಯಾರು ಎಂದು ಅವರು ಕೇಳಲಿಲ್ಲ. ದೊಡ್ಡ ಮನುಷ್ಯರು.

ಅಲ್ಲಿ ಕೂತೇ ಅವರು ಬಾಗಿಲಿನ ಕಥೆಗಳನ್ನು ಹೇಳಿದ್ದು. ಅವರ ಹೆಂಡತಿ ಆ ದೊಡ್ಡ ಕದದಿಂದ ಒಳಬಂದದ್ದು, ತಂದೆ ಅದೇ ಕದದಿಂದ ಹೊರಗೆ ಹೋದದ್ದು. ಚಿಕ್ಕವರಿದ್ದಾಗ ಖರ್ಜೂರದ ಹೊರೆ ಹೊತ್ತ ಒಂಟೆಗಳ ಹಿಂದೆ ನಡೆದುಕೊಂಡೇ ತಾವೂ ದೊಡ್ಡ ಬಾಗಿಲಿನಲ್ಲಿ ಬಂದುಬಿಡುತ್ತಿದ್ದದ್ದು. ಖರ್ಜೂರದ ಹಿಂದೆ ಬಂದವನೂ ಖರ್ಜೂರದ ಲೆಕ್ಕಕ್ಕೇ ಎಂದು ಅಜ್ಜ ಬೈಯದೆ ಬಿಡುತ್ತಿದ್ದರಂತೆ.

ಕಳೆದ ಬೇಸಿಗೆಗೆ ಮುಂಚೆ ಬಾಬಾ ಸ್ನಾನದ ಮನೆಯಲ್ಲಿ ಬಿದ್ದರು. ಸೊಂಟದ ಕೀಲು ಬದಲಾಯಿಸಿದರು. ವೀಲ್ ಚೇರ್ ಬಂತು. ಡಾಕ್ಟರು ಎರಡೇ ಎರಡು ನಿಷೇಧ ಹಾಕಿದರು: ಕಾಲನ್ನು ಎತ್ತರಕ್ಕೆ ಎತ್ತುವಂತಿಲ್ಲ, ಸೊಂಟ ಬಗ್ಗಿಸುವಂತಿಲ್ಲ. ಡಾಕ್ಟರು ನಮ್ಮ ದಿಡ್ಡಿ ಬಾಗಿಲನ್ನು ನೋಡಿಯೇ ಬರೆದ ಹಾಗಿತ್ತು.

ಮಗ, ನನ್ನ ಗಂಡನ ಅರ್ಬಾಬ್, ಒಳ್ಳೆಯವರು. ದೊಡ್ಡ ಕದ ತೆಗೆಸುತ್ತೇನೆ ಎಂದರು.

"ಆ ಕದ ನನಗೆ ಒಂದೇ ಸಲ ತೆರೆಯುತ್ತದೆ" ಎಂದರು ಬಾಬಾ. "ಅಷ್ಟು ಅವಸರವೇ ನಿನಗೆ?"

ದಿಡ್ಡಿ ಬಾಗಿಲಿನ ಕೆಳಗಿನ ಹಲಗೆ ಕೊಯ್ಯಿಸುತ್ತೇನೆ ಎಂದರು ಮಗ. ಮೊದಲು ನನ್ನನ್ನು ಕೊಯ್ಯಿ ಎಂದರು ತಂದೆ. ಹಿಂದಿನ ಗೇಟಿನಿಂದ ಕಾರಿನಲ್ಲೇ ಒಳಗೆ ಬರಬಹುದಲ್ಲ ಎಂದದ್ದಕ್ಕೆ, ಗೊಬ್ಬರ ಬರುವ ದಾರಿಯಲ್ಲಿ ನಾನು ಬರುವುದಿಲ್ಲ ಎಂದು ಮುಖ ತಿರುಗಿಸಿದರು.

ಹೀಗಾಗಿ ಅವರು ಸಂಜೆ ಬಂದು ಹೆಬ್ಬಾಗಿಲಿನ ಹೊರಗೆ ಕಾರಿನಲ್ಲೇ ಕೂರತೊಡಗಿದರು. ಒಳಗೆ ನನ್ನ ಜಗಲಿಯ ಮೇಲೆ ನಾನು. ನಡುವೆ ತೆರೆದ ದಿಡ್ಡಿ ಬಾಗಿಲು. ಕಾರಿನ ಎ.ಸಿ. ಸದ್ದಿನ ಮೇಲೆ ಕಿರುಚಿ ಮಾತಾಡಬೇಕಿತ್ತು. ಕಿರುಚುತ್ತ ಹೇಳಬಹುದಾದ ಸಂಗತಿಗಳು ಬಹಳ ಇರುವುದಿಲ್ಲ. ಸೆಕೆ ಜೋರಾಯಿತು ಎಂದು ಅವರು, ಹೌದು ಜೋರಾಯಿತು ಎಂದು ನಾನು. ಅವರ ಜಗಲಿಯ ಮೇಲೆ ಒಂದು ಬೆಕ್ಕು ಮಲಗಲು ಶುರು ಮಾಡಿತು.

ನಾನು ಸುಮ್ಮನಿರುವವಳಲ್ಲ. ಡಾಕ್ಟರರಿಗಿಂತ ಹೆಚ್ಚು ತಿಳಿದವಳಂತೆ ಅವರ ಮನೆಗೆ ಒಂದು ಗಿಡ್ಡ ಸ್ಟೂಲು ಹಿಡಿದುಕೊಂಡು ಹೋದೆ, ಹಲಗೆ ದಾಟುವ ಅಭ್ಯಾಸ ಮಾಡಿಸಲು. ಪಿ.ಟಿ. ಟೀಚರು ರಜೆಯಲ್ಲಿದ್ದಾಗ ನೂರಾರು ಹುಡುಗಿಯರಿಗೆ ಡ್ರಿಲ್ ಮಾಡಿಸಿದವಳು ನಾನು. "ಏಕ್!" ಎಂದೆ. ಬಾಬಾ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದರು. ಹೇಗೆಂದು ತೋರಿಸಲು ನಾನೇ ಕಾಲೆತ್ತಿದೆ. ಸೀರೆಯ ಅಂಚು ಸ್ಟೂಲಿಗೆ ಸಿಕ್ಕಿ, ಸ್ಟೂಲು ನಾನು ಎರಡೂ ಕಾರ್ಪೆಟ್ಟಿನ ಮೇಲೆ. ಆಮೇಲೆ ಒಂದು ವಾರ ಕುಂಟಿದವಳು ನಾನೇ.

ಅದಾದ ಮೇಲೆ ಒಂದು ಸಂಜೆ ಬಾಬಾ ಕಾರಿನ ಕಿಟಕಿ ಏರಿಸಿಕೊಂಡೇ ಕೂತಿದ್ದರು. ಆರಾಗುವ ಮೊದಲೇ ಕಿಟಕಿ ಇಳಿಸಿ, "ವಾಲಿ, ನಾಳೆಯಿಂದ ನಾನು ಬರುವುದಿಲ್ಲ" ಎಂದರು. "ಖಲಾಸ್."

ಕಾರು ಹೋಯಿತು. ನಾನು ದಿಡ್ಡಿ ಬಾಗಿಲು ಹಾಕಿ ಬೀಗ ಜಡಿದೆ. ಅಷ್ಟು ಬೇಗ ನಾನು ಯಾವತ್ತೂ ಗೇಟು ಹಾಕಿದವಳಲ್ಲ. ಹಾಸ್ಟೆಲಿನಲ್ಲಿ ಯಾವ ಹುಡುಗಿಯಾದರೂ ಓದು ಬಿಟ್ಟು ಪೆಟ್ಟಿಗೆ ಕಟ್ಟಿದಾಗಲೂ ನನಗೆ ಹೀಗೆಯೇ ಆಗುತ್ತಿತ್ತು. ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಊಟ ಸೇರುತ್ತಿರಲಿಲ್ಲ.

ಅಡುಗೆ ಮಾಡುತ್ತಿದ್ದಾಗ ಗಂಡ ಒಳನಾಡಿನ ನಿಜ್ವಾದಿಂದ ಬಂದರು. ಅಲ್ಲಿಯ ತೋಟದಿಂದ ಹೊಸ ಖರ್ಜೂರದ ಡಬ್ಬಿಗಳನ್ನು ಪಿಕಪ್ಪಿನಲ್ಲಿ, ಎಂದಿನಂತೆ ಹಿಂದಿನ ಗೇಟಿನಿಂದ, ತಂದಿದ್ದರು.

"ಯಾವ ಜಾತಿ?" ಎಂದು ಕೇಳಿದೆ, ಕೇಳಬೇಕೆಂದು.

"ಖಲಾಸ್" ಎಂದರು.

ನಾನು ಸೌಟು ಹಿಡಿದುಕೊಂಡೇ ನಿಂತೆ. ಇಲ್ಲಿಯ ಒಳ್ಳೆಯ ಖರ್ಜೂರಕ್ಕೆ ಖಲಾಸ್ ಎಂದೇ ಹೆಸರು. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ, ದಿನಾ ತಿನ್ನುತ್ತಿದ್ದೆ. ಆದರೆ ಆ ಹೊತ್ತಿಗೆ ಆ ಎರಡು ಖಲಾಸ್‌ಗಳು ನನ್ನ ತಲೆಯಲ್ಲಿ ದಿಡ್ಡಿ ಬಾಗಿಲಿಗೆ ಬಡಿದ ಹಾಗೆ ಬಡಿದವು.

"ಮಾರಾಯ್ರೇ, ನಾಳೆ ಫ್ರಿಜ್ಜನ್ನು ಹಿಂದಿನ ಗೇಟಿನಿಂದ ಹೊರಗೆ ತೆಗೀಬೇಕು. ಖರ್ಜೂರ ತುಂಬಿ, ಮುಂದಿನ ಗೇಟಿನಿಂದ ಒಳಗೆ ತರಬೇಕು."

"ಫ್ರಿಜ್ಜಿಗೆ ಎಂತ ಆಯ್ತು?"

"ಎಂತದೂ ಆಗ್ಲಿಲ್ಲ."

"ಬರೀ ಡಬ್ಬಿ ತಂದ್ರೆ ಸಾಕಲ್ಲ ಹಾಗಾದ್ರೆ? ಫ್ರಿಜ್ ಎಂತಕ್ಕೆ?"

ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಆದರೆ ಮೊದಲ ದಿನ ಆ ಫ್ರಿಜ್ಜಿಗೆ ಬಾಗಿಲು ತೆರೆದಿರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇನ್ನೂ ಇತ್ತು. ಒಂದೇ ಏಟಿಗೆ ಫ್ರಿಜ್, ಬಾಬಾ ಇಬ್ಬರನ್ನೂ ಒಳಗೆ ತರುವ ಆಸೆ. "ಒಂದು ಹೊರೆ ಅಂದ್ರೆ ಹೊರೆಯ ಹಾಗೆ ಕಾಣ್ಬೇಕು" ಎಂದೆ. ಗಂಡ ನಿಟ್ಟುಸಿರು ಬಿಟ್ಟು ಹೋಗಿ ಹಗ್ಗ ತಂದರು.

ಮರುದಿನ ಬಾಬಾರನ್ನು ಹೇಗೋ ಒಪ್ಪಿಸಿ ಕರೆತರಲು ಮಗನಿಗೆ ಫೋನು ಮಾಡಿಸಿದೆ. ಕಾರು ಬಂದು ನಿಂತಾಗ ಹೆಬ್ಬಾಗಿಲಿನ ಎದುರು, ತೋಟದ ಉದ್ದನೆಯ ಕೈಗಾಡಿಯ ಮೇಲೆ, ಹಗ್ಗ ಬಿಗಿದ ಫ್ರಿಜ್ ನೆಟ್ಟಗೆ ನಿಂತಿತ್ತು, ಮೆರವಣಿಗೆಗೆ ಹೊರಟ ಉತ್ಸವಮೂರ್ತಿಯ ಹಾಗೆ. ಬಾಬಾ ಕಿಟಕಿ ಇಳಿಸಿದರು.

"ಇದೇನು ವಾಲಿ, ಮತ್ತೊಂದು ಫ್ರಿಜ್ಜಾ?"

"ಅದೇ ಫ್ರಿಜ್. ದೊಡ್ಡ ಕದ ತೆಗೆಸಿ."

"ನಿನಗೆ ಆವತ್ತೇ ಹೇಳಿದ್ದೆ. ಮದುಮಗಳಾ ಇದು?"

"ಅಲ್ಲ."

"ಹೆಣವಾ?"

"ಅಲ್ಲ ಬಾಬಾ. ಒಳಗೆ ಏನಿದೆ ಕೇಳಿ."

"ಏನಿದೆ?"

"ಖಲಾಸ್" ಎಂದೆ, ಮತ್ತು ಫ್ರಿಜ್ಜಿನ ಬಾಗಿಲು ತೆರೆದೆ. ಕಟ್ಟಿದ್ದ ಹಗ್ಗದಿಂದಾಗಿ ಅದು ಒಂದು ಗೇಣಷ್ಟೇ ತೆರೆಯಿತು. ಆದರೂ ಡಬ್ಬಿಗಳು ಕಂಡವು.

ಬಾಬಾ ಕಣ್ಣು ಕಿರಿದು ಮಾಡಿ ಡಬ್ಬಿಗಳನ್ನು ಎಣಿಸಿದರು. ಮಗ ಏನೋ ಹೇಳಲು ಹೋದರು, ತಂದೆ ಬೆತ್ತ ಎತ್ತಿ ಸುಮ್ಮನಾಗಿಸಿದರು.

"ಖರ್ಜೂರದ ಹಿಂದೆ ಯಾರಾದರೂ ನಡೆದು ಬರಬೇಕು" ಎಂದೆ. ನನ್ನ ಪರೀಕ್ಷೆಯ ಹಿಂದಿಯಲ್ಲಿ ಆವತ್ತು ಮೊದಲ ಸಲ ವ್ಯಾಕರಣ ತಪ್ಪಿತು. "ಹೊರೆ ಬಿದ್ದರೆ ನೋಡಿಕೊಳ್ಳಲು."

"ಯಲ್ಲಾ, ಹೊರಡಿ" ಎಂದರು ಬಾಬಾ. "ಕದ ತೆಗೆಯಿರಿ. ಕುರ್ಚಿ ಇಳಿಸಿ."

ಕದ ತೆರೆದ ಸದ್ದು ನಾನು ಮೊದಲ ಸಲ ಕೇಳಿದ್ದು. ಮುದುಕರು ಏಳುವಾಗ ಮಾಡುವ ಸದ್ದು, ಅಷ್ಟೇ ಜೋರಾಗಿ. ಕೈಗಾಡಿ ಮುಂದೆ, ಕುರ್ಚಿ ಹಿಂದೆ. ಜಗಲಿಗಳನ್ನು ದಾಟಿ ಗಾಡಿ ತಿರುವಿಗೆ ಬಂತು, ಅಲ್ಲಿ ಸಿಕ್ಕಿಕೊಂಡಿತು. ನಾನು ಕದ ಅಳೆದಿದ್ದೆ, ಫ್ರಿಜ್ ಅಳೆದಿದ್ದೆ, ತಿರುವು ಅಳೆದಿರಲಿಲ್ಲ. ಒಂಟೆ ಸೊಂಟ ತಿರುಗಿಸುತ್ತದೆ, ಉದ್ದನೆಯ ಕೈಗಾಡಿಗೆ ಸೊಂಟವಿಲ್ಲ. ಮುಂದೆಯೂ ಹೋಗದು, ಹಿಂದೆ ಕುರ್ಚಿ. ನಾನು ಎಡಕ್ಕೆ ಎಂದೆ, ಗಂಡ ಬಲಕ್ಕೆ ಎಂದರು, ತೋಟದ ಆಳುಗಳು ಇಬ್ಬರ ಮಾತೂ ಕೇಳಿದರು.

ಈ ಗದ್ದಲದಲ್ಲಿ ಹಿಂದೆ ತಿರುಗಿ ನೋಡಿದರೆ ಬಾಬಾರ ಕುರ್ಚಿ ಸರಿಯಾಗಿ ಅವರ ಜಗಲಿಯ ಪಕ್ಕದಲ್ಲಿ ನಿಂತಿತ್ತು. ಅವರು ಅಂಗೈಯಿಂದ ಜಗಲಿಯ ಗಾರೆಯನ್ನು ಸವರುತ್ತಿದ್ದರು. ಬೆಕ್ಕು ಎದ್ದು ಮೈ ಮುರಿಯಿತು.

"ಬಿಡಿ" ಎಂದರು ನಮ್ಮೆಲ್ಲರಿಗೆ. "ಅದು ಅಲ್ಲೇ ಇರಲಿ."

ಮಗನೂ ನನ್ನ ಗಂಡನೂ ಅವರನ್ನು ಎತ್ತಿ, ಡಾಕ್ಟರು ಹೇಳಿದಂತೆ ಎತ್ತರದ ದಿಂಬಿಟ್ಟು, ಜಗಲಿಯ ಮೇಲೆ ಕೂರಿಸಿದರು. ಗಾಳಿ ತಿರುವಿನಲ್ಲಿ ನಿಂತು ಹೊರಳಿ ಬಂತು. ಅವರು ಕಣ್ಣು ಮುಚ್ಚಿಕೊಂಡರು. ನಾನು ಚಾ ತರಲು ಹೋದೆ, ಅಡುಗೆ ಕೋಣೆಯಲ್ಲಿ ಹಾಲು ಹೊರಗಿಟ್ಟು ಒಡೆದಿತ್ತು. ಫ್ರಿಜ್ ಇರಲಿಲ್ಲವಲ್ಲ.

ಆರಕ್ಕೆ ಅವರನ್ನು ಮತ್ತೆ ಕುರ್ಚಿಗೆ ಇಳಿಸಿದಾಗ ಹೊಸ ಸಮಸ್ಯೆ. ಒಳಗೆ ಬಂದದ್ದು ಖರ್ಜೂರದ ಲೆಕ್ಕದಲ್ಲಿ, ಸರಿ. ಆ ಕದದಿಂದ ಹೊರಗೆ ಹೋಗುವುದು ಯಾವುದರ ಲೆಕ್ಕ? ತೆರೆದ ಕದವನ್ನು ನೋಡುತ್ತ ಬಾಬಾರ ಮುಖ ಬಿಗಿಯಿತು. ಮಗ ನನ್ನನ್ನು ನೋಡಿದರು. ಬಾಗಿಲಿನ ಹೊರಗೆ ನೆಲ ಇಳಿಜಾರು. ಹಾಸ್ಟೆಲಿಗೆ ಕಾಲು ಮುರಿದುಕೊಂಡು ಬಂದ ಹುಡುಗಿಯರನ್ನು ನಾನೇ ಕುರ್ಚಿಯಲ್ಲಿ ಓಡಾಡಿಸಿದ್ದೆ. ಇಳಿಜಾರಿನಲ್ಲಿ ಕುರ್ಚಿಯನ್ನು ಮುಂದಾಗಿ ಬಿಡಬಾರದು, ಹಿಮ್ಮುಖವಾಗಿ ಎಳೆಯಬೇಕು. ನಾನು ಬೇರೇನೂ ಯೋಚಿಸದೆ ಕುರ್ಚಿಯನ್ನು ತಿರುಗಿಸಿ ಹಿಂದಕ್ಕೆ ಎಳೆದುಕೊಂಡು ಹೊರಟೆ. ಬಾಬಾರ ಮುಖ ಒಳಗಿನ ಕಡೆಗೇ ಇತ್ತು, ಜಗಲಿಯ ಕಡೆಗೆ, ಫ್ರಿಜ್ಜಿನ ಕಡೆಗೆ. ಕದದ ನೆರಳು ಅವರ ಮೇಲೆ ದಾಟಿತು.

"ವಾಲಿ" ಎಂದರು ಹೊರಗೆ ಬಂದ ಮೇಲೆ, "ನಾನು ಹೋಗುತ್ತಿದ್ದೇನೋ, ಬರುತ್ತಿದ್ದೇನೋ?"

"ಮುಖ ಎತ್ತ ಇದೆ ನೋಡಿಕೊಳ್ಳಿ" ಎಂದೆ.

ಈಗ ಚಳಿಗಾಲ. ಖರ್ಜೂರದ ಕೊಯ್ಲು ಮುಗಿದು ಎಷ್ಟೋ ಕಾಲವಾಯಿತು, ನಮ್ಮ ಹೆಬ್ಬಾಗಿಲಿನಲ್ಲಿ ಮಾತ್ರ ಮುಗಿದಿಲ್ಲ. ಫ್ರಿಜ್ ತಿರುವಿನ ಗೋಡೆಗೆ ಒತ್ತಿಕೊಂಡು ಅಲ್ಲೇ ಇದೆ. ಮೇಲಿನ ಕಂಡಿಯಿಂದ ಅದಕ್ಕೆ ಕರೆಂಟಿನ ವಯರು ಇಳಿಬಿಟ್ಟಿದ್ದೇವೆ. ಶತ್ರುಗಳ ಕತ್ತಿನ ಮೇಲೆ ಸುರಿಯಲು ಬಿಟ್ಟ ಕಂಡಿ, ಈಗ ಹಾದು ಹೋಗುವವರಿಗೆ ತಣ್ಣೀರು ಕೊಡುತ್ತದೆ. ನೆಲವನ್ನು ನಾನು ಬಟ್ಟೆ ಹಿಂಡಿ ಒರೆಸುತ್ತೇನೆ.

ದಿನಾ ಸಂಜೆ ಕಾರಿನ ಸದ್ದು ಕೇಳಿದ ಕೂಡಲೇ ಫ್ರಿಜ್ಜಿನಿಂದ ಒಂದು ಡಬ್ಬಿ ಖಲಾಸ್ ತೆಗೆದುಕೊಂಡು ನಾನು ದಿಡ್ಡಿ ಬಾಗಿಲಿನಿಂದ ಹೊರಗೆ ಹೋಗುತ್ತೇನೆ. ಗಂಡ ದೊಡ್ಡ ಕದ ತೆಗೆಯುತ್ತಾರೆ. ಡಬ್ಬಿ ಹಿಡಿದು ಮುಂದೆ ನಾನು, ಹಿಂದೆ ಬಾಬಾ, ಮೆರವಣಿಗೆ ಒಳಗೆ ಬರುತ್ತದೆ. ಡಬ್ಬಿ ಮತ್ತೆ ಫ್ರಿಜ್ಜಿಗೆ. ಹೇಗೂ ದೊಡ್ಡ ಕದ ತೆಗೆಯುವುದಿದೆ, ನೀನು ದಿಡ್ಡಿಯಿಂದ ಯಾಕೆ ನುಸುಳುವುದು ಎಂದು ಗಂಡ ಒಮ್ಮೆ ಕೇಳಿದರು. ಬರೀ ಕೈಯವರಿಗೆ ಆ ಕದ ತೆರೆಯುವುದಿಲ್ಲ, ಖರ್ಜೂರ ಹೊರಗಿನಿಂದಲೇ ಬರಬೇಕು, ಕ್ರಮ ಎಂದರೆ ಕ್ರಮ ಎಂದೆ.

ನಿನ್ನೆ ಡಬ್ಬಿಯ ಮೇಲೆಯೇ ಗಮನವಿಟ್ಟು ಹೊರಟವಳು ಚೌಕಟ್ಟಿಗೆ ಹಣೆ ಹೊಡೆದುಕೊಂಡೆ. ಗಂಟಿನ ಮೇಲೆ ಗಂಟು. ಕಾರಿನ ಕಿಟಕಿ ಇಳಿಯಿತು.

"ವಾಲಿ," ಎಂದು ಬಾಬಾ ಕರೆದರು, "ಡಬ್ಬಿಗೆ ಏನೂ ಆಗಲಿಲ್ಲವಷ್ಟೆ?"